ತೇಯುವ ಕಲ್ಲಿನ ಮೇಲೆ ಹಳದಿ

ನಮ್ಮ ಮನೆಯ ಅಡಕತ್ತರಿಯ ಬಾಯಿ ನೀಲಿ. ಎಲೆಯಡಿಕೆ ಹಾಕುವ ನೆಂಟರು ಬಂದಾಗ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟರೆ ಅವರು ಒಮ್ಮೆ ಅಡಕತ್ತರಿಯನ್ನೂ ಒಮ್ಮೆ ನನ್ನನ್ನೂ ನೋಡುತ್ತಾರೆ. ಕೆಲವರು ಅಡಿಕೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ದವಡೆಯಲ್ಲೇ ಒಡೆಯುವ ಸಾಹಸಕ್ಕೆ ಇಳಿಯುತ್ತಾರೆ. ನಾನೇನೂ ಹೇಳಲು ಹೋಗುವುದಿಲ್ಲ. ಹೇಳಹೊರಟರೆ ಬಣ್ಣದ ಕಡ್ಡಿಯಿಂದ ಶುರುಮಾಡಬೇಕು, ಕಡ್ಡಿಯಿಂದ ತಟ್ಟೆಗೆ, ತಟ್ಟೆಯಿಂದ ಕಲ್ಲಿಗೆ, ಕಲ್ಲಿನಿಂದ ಕೂಸಿಗೆ ಬರಬೇಕು. ಅಷ್ಟರಲ್ಲಿ ಅವರ ಬಸ್ಸು ಹೋಗಿರುತ್ತದೆ. ನಿಮಗೆ ಬಸ್ಸಿನ ಅವಸರವಿಲ್ಲ ಅಂದುಕೊಂಡು ಹೇಳುತ್ತೇನೆ.

ಹಾಲಾಡಿ ಪೇಟೆಯಲ್ಲಿ ನಮ್ಮದೊಂದು ಬಣ್ಣದ ಅಂಗಡಿ. ಬಣ್ಣವೆಂದರೆ ಚಿತ್ರದ ಬಣ್ಣವಲ್ಲ, ಗೋಡೆಯ ಬಣ್ಣ. ಡಬ್ಬಿ, ಬಕೆಟ್ಟು, ಪುಟ್ಟಿ, ಟರ್ಪೆಂಟೈನು. ಮದುವೆಯಾಗಿ ಬಂದಲಾಗಾಯ್ತು ಮಧ್ಯಾಹ್ನ ನಮ್ಮವರು ಊಟ ಮಾಡಿ ಒಂದು ಗಳಿಗೆ ಅಡ್ಡಾಗುವಾಗ ಗಲ್ಲೆಯಲ್ಲಿ ಕೂರುವವಳು ನಾನು. ಜನ ಗೋಡೆಯಿಂದ ಕಿತ್ತ ಗಾರೆಯ ಚೂರನ್ನು ಕಾಗದದಲ್ಲಿ ಕಟ್ಟಿ ತಂದು, "ಹ್ವಾಯ್ ಅಕ್ಕಾ, ಇದ್ರಂಗೇ ಬಣ್ಣ ಬೇಕ್ ಕಾಣಿ" ಅನ್ನುತ್ತಾರೆ. ನಾನು ಆ ಚೂರನ್ನು ಬಾಗಿಲಿನ ಬೆಳಕಿಗೆ ಹಿಡಿದು, ಬಣ್ಣದ ಕಾರ್ಡು ಬಿಡಿಸಿ, ಇದು, ಅಂತ ಬೆರಳಿಡುತ್ತೇನೆ. ನಮ್ಮವರಿಗೆ ಹಸಿರೆಲ್ಲ ಒಂದೇ ಹಸಿರು. ಹಾಗಾಗಿ ಪೇಟೆಯಲ್ಲಿ, "ಬಣ್ಣ ಹೊಂದ್ಸುದಾರೆ ಅಕ್ಕ ಇಪ್ಪು ಹೊತ್ತಿಗೆ ಹೋಯ್ನಿ" ಅಂತ ಒಂದು ಮಾತು ಹುಟ್ಟಿತು. ಆ ಒಂದು ಮಾತಿನ ಬಲದಲ್ಲಿ ನನಗೆ ನಾನೇ ಕಲಾವಿದೆಯಾಗಿಬಿಟ್ಟೆ ಅನ್ನುವುದನ್ನು ಯಾರಿಗೂ ಹೇಳಬೇಡಿ.

ಬಣ್ಣದ ಹುಚ್ಚು ಹಳೆಯದು. ಅಮಾಸೆಬೈಲಿನ ತವರಿನಲ್ಲಿ ಅಣ್ಣನೂ ನಾನೂ ಹಟ್ಟಿಯ ಗೋಡೆಗೆ ಬಸಳೆ ಹಣ್ಣು ಹಿಂಡಿ ನೇರಳೆ ನವಿಲು ಬರೆಯುತ್ತಿದ್ದೆವು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುರಕಲ್ಲಿನ ಚೂರನ್ನು ನೀರು ಹಾಕಿ ತಿಕ್ಕಿದರೆ ಚಂದದ ಕೆಂಪು ಬರುತ್ತಿತ್ತು. ಬಾವಿ ಕೆಸರು ತೆಗೆದ ವರ್ಷ ಮೇಲೆ ಬಂದ ಹಳದಿ ಮಣ್ಣನ್ನು ಉಂಡೆ ಕಟ್ಟಿ ಒಣಗಿಸಿ ಬಚ್ಚಿಟ್ಟಿದ್ದೆವು. ಒಂದು ದಿನ ಅಮ್ಮ ಹಿಡಿದಳು, ಇಬ್ಬರ ಬೆನ್ನಿಗೂ ಬಿತ್ತು. ಗೋಡೆ ಹಾಳುಮಾಡಿದ್ದಕ್ಕಲ್ಲ, ಬೀಜಕ್ಕೆಂದು ಬಿಟ್ಟ ಬಸಳೆ ಹಣ್ಣು ಮುಗಿಸಿದ್ದಕ್ಕೆ. ನವಿಲು ಮಾತ್ರ ಮುಂದಿನ ಸುಣ್ಣದವರೆಗೂ ಗೋಡೆಯ ಮೇಲಿತ್ತು. ಅಮ್ಮ ಅದನ್ನು ಒರೆಸಲಿಲ್ಲ.

ಐವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿದೆ. ಮೊದಲು ಶಾಲೆ ಮಕ್ಕಳ ಬಿಲ್ಲೆ ಬಣ್ಣ. ಮಗಳು ರಶ್ಮಿ ಬಾಣಂತನಕ್ಕೆ ಮನೆಗೆ ಬಂದವಳು ನನ್ನ ಅವಸ್ಥೆ ನೋಡಿ ಒಂದು ಪೆಟ್ಟಿಗೆ ತರಿಸಿಕೊಟ್ಟಳು. ಒಳಗೆ ಬೆರಳುದ್ದದ ಜಲವರ್ಣದ ಕಡ್ಡಿಗಳು. ಪ್ರತಿಯೊಂದಕ್ಕೂ ಕಾಗದದ ಅಂಗಿ, ಅಂಗಿಯ ಮೇಲೆ ಹೆಸರು. ನಮ್ಮವರು ಒಂದನ್ನು ಎತ್ತಿ ತೂಗಿ ನೋಡಿ, "ಇದ್ರಂಗೆ ಒಂದ್ ಕಿಟ್ಕಿ ದಂಡಿಗೂ ಆತಿಲ್ಲೆ ಮಾರಾಯ್ತಿ" ಅಂದರು.

ನೋಡಲಿಕ್ಕೆ ಸೀಮೆಸುಣ್ಣದ ಹಾಗೆ, ಆದರೆ ಗಟ್ಟಿ. ಬಣ್ಣದ ಹುಡಿಗೆ ಗೋಂದು, ಜೇನು ಸೇರಿಸಿ ಕಲಸಿ ಒಣಗಿಸಿದ್ದಂತೆ. ಒದ್ದೆ ಕಾಗದದ ಮೇಲೆ ನೇರವಾಗಿ ಎಳೆಯಬಹುದು. ಆದರೆ ನಾನು ಮೊಬೈಲಿನಲ್ಲಿ ನೋಡುವ ಒಬ್ಬ ಹೆಂಗಸು ಅದನ್ನು ಬಿಲ್ಲೆ ಬಿಲ್ಲೆಯಾಗಿ ತುಂಡರಿಸಿ, ಬಣ್ಣದ ತಟ್ಟೆಯ ಒಂದೊಂದು ಗುಳಿಗೆ ಇಟ್ಟು, ಮೇಲೆ ನೀರು ಚಿಮುಕಿಸಿ, ಮೆತ್ತಗಾದ ಮೇಲೆ ಬೆರಳಲ್ಲಿ ಒತ್ತುತ್ತಾಳೆ. ಸಂದಿ ಉಳಿದರೆ ಅದೇ ಕಡ್ಡಿಯ ತುದಿಯನ್ನು ತರಿತರಿಯಾದ ತಟ್ಟೆಯ ಮೇಲೆ ನೀರು ಹಾಕಿ ತೇದು, ಆ ಗಂಧವನ್ನು ಸಂದಿಗೆ ಮೆತ್ತುತ್ತಾಳೆ. ಎರಡು ದಿನ ಒಣಗಿದರೆ ತಟ್ಟೆ ಸಿದ್ಧ, ವರ್ಷಗಟ್ಟಲೆ ಬರುತ್ತದೆ. ಅವಳ ಚಾಕು ತೆಳ್ಳಗೆ, ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತಿತ್ತು. ನನ್ನ ಚಾಕುವಿಗೆ ಕಡ್ಡಿ ಜಗ್ಗಲಿಲ್ಲ. ಅಡಕತ್ತರಿ ತಂದೆ. ಕಟ್ ಅಂತ ನೀಲಿಯ ತುಂಡೊಂದು ಹಾರಿ ಉಪ್ಪಿನಕಾಯಿ ಜಾಡಿಯ ಹಿಂದೆ ಬಿತ್ತು. ಆಮೇಲೆ ಅಂದಾಜು ಸಿಕ್ಕಿತು. ತೇಯಲಿಕ್ಕೆ ತರಿತರಿಯಾದದ್ದು ಎಂತ ಉಂಟು ಅಂತ ಸುತ್ತ ನೋಡಿದರೆ, ಅಡಿಗೆಮನೆಯ ಕಿಟಕಿಯಲ್ಲಿ ಅಮ್ಮನ ಕಲ್ಲು.

ಅಮ್ಮ ಎಂದರೆ ನನ್ನ ತಾಯಿ. ಮೊಮ್ಮಗಳ ಬಾಣಂತನ ಮಾಡಲಿಕ್ಕೆ ಅಮಾಸೆಬೈಲಿನಿಂದ ತಾನೇ ಹಟ ಹಿಡಿದು ಬಂದವಳು, ಎಂಬತ್ತರ ಆಚೆ ಈಚೆ. ಬರುವಾಗ ಚೀಲದಲ್ಲಿ ಎರಡು ಸೀರೆ, ತನ್ನ ತೇಯುವ ಕಲ್ಲು, ಮದ್ದಿನ ಕರಡಿಗೆ. ಕರಡಿಗೆಯಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿ, ಅರಸಿನ ಕೊಂಬು. ದಿನಾ ಬೆಳಿಗ್ಗೆ ಕೂಸಿಗೆ ನೀರು ಹೊಯ್ಯುವ ಮೊದಲು ಒಂದೊಂದನ್ನೂ ಒಂದೆರಡು ಸುತ್ತು ತೇದು, ಬೆರಳಲ್ಲಿ ಬಳಿದು, ತನ್ನ ನಾಲಿಗೆಗೆ ಮುಟ್ಟಿಸಿ ನೋಡಿ, ಆಮೇಲೆ ಒಳಲೆಯಲ್ಲಿ ಕಲಸಿ ಕೂಸಿನ ಬಾಯಿಗೆ ಹಾಕುತ್ತಿದ್ದಳು. "ಶಿಶು ಬಾಯಿಗೆ ಹೋಪ ಮೊದ್ಲ್ ದೊಡ್ಡೋರ್ ಬಾಯಿಗ್ ಹೋಯ್ಕ್" ಅನ್ನುವುದು ಅವಳ ಕಾನೂನು. ನನಗೂ, ಅಣ್ಣನಿಗೂ, ರಶ್ಮಿಗೂ ಹಾಗೆಯೇ ಮಾಡಿದ್ದು. ಚುಚ್ಚುಮದ್ದಿಗೆ ಹೋದಾಗ ಕುಂದಾಪುರದ ಡಾಕ್ಟ್ರಮ್ಮ, ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ ಅಂತ ಸ್ಪಷ್ಟವಾಗಿ ಹೇಳಿದ್ದರು. ನಾವೆಲ್ಲ ತಲೆ ಅಲ್ಲಾಡಿಸಿ ಬಂದಿದ್ದೆವು. ಡಾಕ್ಟ್ರ ಮುಂದೆ ತಲೆ ಅಲ್ಲಾಡಿಸುವುದು, ಮನೆಗೆ ಬಂದು ತೇಯುವುದು, ಇದು ನಮ್ಮ ಕಡೆಯ ಪದ್ಧತಿ.

ಮಧ್ಯೆ ಸಾರಿನ ಸುದ್ದಿ ಹೇಳಿಬಿಡುತ್ತೇನೆ. ಅಮ್ಮನ ಬಸಳೆ ಸಾರೆಂದರೆ ಮನೆಮಂದಿ ಬಟ್ಟಲು ನೆಕ್ಕುತ್ತಿದ್ದ ಕಾಲವಿತ್ತು. ಈ ಸಲ ಬಂದಮೇಲೆ ಅದು ಒಂದು ದಿನ ಉಪ್ಪು ಉಪ್ಪು, ಒಂದು ದಿನ ಸಪ್ಪೆ. ನಮ್ಮವರು ಅತ್ತೆಯ ಮರ್ಯಾದೆಗೆ ಸದ್ದಿಲ್ಲದೆ ನೀರು ಹೊಯ್ದುಕೊಂಡು ಉಂಡರು. ವಯಸ್ಸಾಯ್ತಲ್ಲ, ಕೈ ತಪ್ಪುತ್ತದೆ ಅಂತ ನಾನೂ ಸುಮ್ಮನಿದ್ದೆ. ಸುಮ್ಮನಿರುವುದನ್ನು ಪ್ರೀತಿ ಅಂತ ತಿಳಿಯುವುದೂ ನಮ್ಮ ಪದ್ಧತಿಯೇ.

ಸರಿ, ಅಮ್ಮನ ಕಲ್ಲಿನ ಮೇಲೆ ಬಣ್ಣ ತೇದೆ. ಕದ್ದಲ್ಲ, ಕೇಳಿಯೇ. "ತೊಳ್ದ್ ಇಡ್ ಆಯ್ತಾ" ಅಂದಳು, ತೊಳೆದೇ ಇಟ್ಟೆ. ಎರಡು ದಿನ ಕೂತು ತಟ್ಟೆ ತುಂಬಿಸಿದೆ. ತಟ್ಟೆಯಲ್ಲಿ ಅಕ್ಕಪಕ್ಕ ಎರಡು ಹಳದಿ. ತುಂಬಿಸಿ ಮುಗಿದ ಮೇಲೆ ಎರಡರಲ್ಲಿ ಒಂದರ ಮೋಟು ತುಂಡು ಉಳಿಯಿತು. ಒದ್ದೆಯಾಗಿದ್ದದ್ದನ್ನು ಒಣಗಲಿ ಅಂತ ಕಿಟಕಿಯ ದಂಡೆಯಲ್ಲಿಟ್ಟೆ. ಕಡ್ಡಿಗಳ ಕಾಗದದ ಅಂಗಿಗಳನ್ನೆಲ್ಲ ಗುಡಿಸಿ ಒಲೆಗೆ ಹಾಕಿದೆ. ಬಣ್ಣ ತಟ್ಟೆಗೆ ಬಂದ ಮೇಲೆ ಹೆಸರು ಯಾಕೆ ಅನ್ನುವ ಜಂಬ.

ಅಮ್ಮನೂ ಮದ್ದಿನ ಬೇರುಗಳನ್ನು ಒಣಗಿಸುವುದು ಅದೇ ದಂಡೆಯಲ್ಲಿ, ಅದೇ ಬಿಸಿಲಿಗೆ.

ಮರುದಿನ ಬೆಳಿಗ್ಗೆ ದೋಸೆ ಹೊಯ್ದು ಮುಗಿಸಿ, ಮೋಟು ತುಂಡು ಒಣಗಿತಾ ಅಂತ ನೋಡಲು ಹೋದರೆ ದಂಡೆ ಖಾಲಿ.

"ಅಮ್ಮ, ಇಲ್ಲಿ ಒಂದ್ ಚೂರ್ ಇಟ್ಟಿದ್ದೆ. ಕಂಡ್ಯಾ?"

ಅಮ್ಮ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು. "ಎಂತ ಚೂರ್? ಅರ್ಸಿನ ಕೊಂಬಾ? ನಿನ್ನೆ ಒಣಗಿತ್ತ್, ಕರಡ್ಗಿಗ್ ಹಾಕ್ದೆ. ಸಣ್ದ್ ಇದ್ದಿತ್ತಲೆ, ಈಗ ಪೂರಾ ತೇದೆ."

"ತೇದ್ಯಾ?"

"ಹೌದ್. ಕೊಟ್ಟೂ ಆಯ್ತ್. ಇವತ್ತ್ ಚಪ್ಪರಿಸ್ಕಂಡ್ ನೆಕ್ತ್ ಕಾಣ್ ಶಿಶು."

ಕೂಸಿನ ತುಟಿಯ ಕೊನೆಯಲ್ಲಿ ಹಳದಿ ಇತ್ತು. ಬಾಯಿ ಒರೆಸಿದ ಬಿಳಿ ಬಟ್ಟೆಯಲ್ಲೂ ಹಳದಿ. ಕೂಸು ನನ್ನನ್ನು ನೋಡಿ ನಕ್ಕಿತು, ನಾಲಿಗೆಯೂ ಹಳದಿ. ಕೂಗಿದೆನಂತೆ. ಏನು ಕೂಗಿದೆ ಅಂತ ನೆನಪಿಲ್ಲ, ರಶ್ಮಿ ಬಾಚುತ್ತಿದ್ದ ತಲೆ ಹಾಗೇ ಬಿಟ್ಟು ಓಡಿ ಬಂದಳು.

"ಅಮ್ಮ, ಎಂತ ಆಯ್ತ್?"

ಹೇಳಿದೆ. ರಶ್ಮಿ ಅಜ್ಜಿಯ ಮಡಿಲಿನಿಂದ ಕೂಸನ್ನು ಕಿತ್ತುಕೊಂಡಳು. ಎತ್ತಿಕೊಂಡಳು ಅಂತ ಬರೆಯಬೇಕು ಅಂತಿದ್ದೆ, ಆದರೆ ಕಿತ್ತುಕೊಂಡಳು. ಬೆರಳು ಹಾಕಿ ಬಾಯಿ ಒರೆಸಿದಳು, ಕೂಸು ಕಿರುಚಿತು. ಅಮ್ಮನ ಎರಡೂ ಕೈ ಕೂಸು ಇದ್ದ ಜಾಗದಲ್ಲೇ ತೆರೆದುಕೊಂಡಿದ್ದವು. "ಎಂತಕ್ಕೆ? ಎಂತ ಆಯ್ತ್ ಹೇಳಿನಿ" ಅಂತ ಅವಳು ಕೇಳುತ್ತಲೇ ಇದ್ದಳು.

ಅಂಗಡಿಗೆ ಫೋನು ಮಾಡಿದೆ. ನಮ್ಮವರು ವ್ಯಾನಿನ ಸಮೇತ ಬಂದರು. "ಶಿಶು ತಿಂದದ್ದ್ ಎಂತ ಅಂದೇಳಿ ಡಾಕ್ಟ್ರ್ ಕೇಳ್ತ್ರ್. ಅದನ್ನೂ ತಕೊ" ಅಂದರು. ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡೆ. ಬಣ್ಣದ ತಟ್ಟೆ, ಖಾಲಿ ಪೆಟ್ಟಿಗೆ, ತೇಯುವ ಕಲ್ಲು, ಬಾಯಿ ಒರೆಸಿದ ಬಟ್ಟೆ. ಹೊರಡುವಾಗ ಅಮ್ಮ ಚಪ್ಪಲಿ ಹಾಕಿಕೊಂಡು ತಾನಾಗಿಯೇ ವ್ಯಾನು ಹತ್ತಿದಳು. ಬಾ ಅಂತಲೂ ಬೇಡ ಅಂತಲೂ ಯಾರೂ ಹೇಳಲಿಲ್ಲ.

ಮುಂದಿನ ಸೀಟಿನಲ್ಲಿ ನಮ್ಮವರು, ಪಕ್ಕದಲ್ಲಿ ಕೂಸನ್ನು ಅಪ್ಪಿಕೊಂಡ ರಶ್ಮಿ. ಹಿಂದೆ ನಾನು ಮತ್ತು ಅಮ್ಮ, ನಮ್ಮ ಬೆನ್ನಿಗೆ ಅಂಗಡಿಯ ಖಾಲಿ ಬಕೆಟ್ಟುಗಳು. ತಿರುವು ಬಂದಾಗಲೆಲ್ಲ ಒಂದು ಬಕೆಟ್ಟು ಆ ಕಡೆಯಿಂದ ಈ ಕಡೆಗೆ ಉರುಳಿ ಢಣ್ ಅನ್ನುತ್ತಿತ್ತು. ಬಿದ್ಕಲ್‌ಕಟ್ಟೆ ಬರುವಷ್ಟರಲ್ಲಿ ರಶ್ಮಿ ಪೆಟ್ಟಿಗೆಯ ಒಳಗಿನ ಚೀಟಿಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದ್ದಳು. ಎರಡು ಹಳದಿಗಳಲ್ಲಿ ಒಂದು ಓಕರ್, ಬರೇ ಮಣ್ಣು. ಇನ್ನೊಂದು ಕ್ಯಾಡ್ಮಿಯಂ, ಲೋಹದ್ದು, ಬಾಯಿಗೆ ಹೋಗಬಾರದು ಅಂತ ಬರೆದಿದೆ.

"ಯಾವ್ದಮ್ಮ? ಉಳ್ದದ್ದ್ ಯಾವ್ ತುಂಡ್?"

"ನೆನಪಾತಿಲ್ಲೆ ಮಗಾ."

"ನೆನಪ್ ಮಾಡ್ಕೊ!"

ಎಲ್ಲಿಂದ ಮಾಡಿಕೊಳ್ಳಲಿ? ಕಣ್ಣು ಮುಚ್ಚಿದರೆ ಎರಡೂ ಒಂದೇ ಹಳದಿಯಾಗಿ ಕಾಣುತ್ತಿತ್ತು. ಮೂವತ್ತು ವರ್ಷ ಊರವರ ಗೋಡೆಯ ಬಣ್ಣ ಹೊಂದಿಸಿದ ನನಗೆ ನಿನ್ನೆ ನನ್ನ ಕೈಯಲ್ಲೇ ಹಿಡಿದ ಬಣ್ಣ ಯಾವುದೆಂದು ಗೊತ್ತಿಲ್ಲ. ಕಲ್ಲನ್ನು ತಿರುಗಿಸಿ ನೋಡಿದೆ. ಬಜೆ, ಅಳಲೆಕಾಯಿಗಳ ಕಂದು ಮೇಲಿಂದ ಕೂತು ಹಳದಿ ಮುಖ ಮುಚ್ಚಿಕೊಂಡಿತ್ತು.

ಕೂಸು ಅಳು ನಿಲ್ಲಿಸಿತು. ಅಳುವಾಗ ಭಯ, ನಿಲ್ಲಿಸಿದಾಗ ಅದಕ್ಕಿಂತ ಭಯ. "ಮಲ್ಕಂಡದ್ದಾ?" ಅಂತ ನಮ್ಮವರು ಕೇಳಿದರು, ರಸ್ತೆಯಿಂದ ಕಣ್ಣು ತೆಗೆಯದೆ. ರಶ್ಮಿ ಅಂಗಾಲು ಚಿವುಟಿದಳು. ಕೂಸು ಮುಖ ಕಿವುಚಿ ಮತ್ತೆ ಕಣ್ಣು ಮುಚ್ಚಿತು. ಹಾಲು ಕೊಡಲು ನೋಡಿದಳು, ಬಾಯಿ ತೆರೆಯಲಿಲ್ಲ.

ಆಗ ಅಮ್ಮ ಮೆಲ್ಲಗೆ, "ನಾನ್ ನಾಲ್ಗಿಗ್ ಮುಟ್ಸಿ ಕಂಡಿದ್ದೆ" ಅಂದಳು.

ರಶ್ಮಿ ತಿರುಗಿದಳು. ಅವಳ ದನಿ ಅವಳದ್ದಾಗಿರಲಿಲ್ಲ. "ಕಂಡ್ರೆ ಗೊತ್ತಾಯ್ಲಿಲ್ಯಾ ಅಜ್ಜಿ? ಅರ್ಸಿನಕ್ಕೂ ಪೇಂಟಿಗೂ ರುಚಿ ಒಂದೇಯಾ?"

ಅಮ್ಮ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬಕೆಟ್ಟು ಒಮ್ಮೆ ಉರುಳಿತು.

"ನಂಗೆ ರುಚಿ ಗೊತ್ತಾತ್ತಿಲ್ಲೆ ಹೆಣೆ. ಹ್ವಾದ್ ವರ್ಷ ಜ್ವರ ಬಂದಿತ್ತಲೆ, ಅದ್ರ ಮೇಲೆ ಉಪ್ಪು ಹುಳಿ ಎಂತದೂ ಗೊತ್ತಾತ್ತಿಲ್ಲೆ. ಕಣ್ಣೂ ಅಷ್ಟಕ್ಕಷ್ಟೆ. ಹೇಳ್ರೆ ನಿನ್ ಬಾಣಂತನಕ್ಕೆ ನನ್ನ ಕರಿತಿಲ್ರಿಯಲೆ. ಅದಕ್ಕೆ ಹೇಳ್ಲಿಲ್ಲ."

ನಾನು ಸಾರಿಗೆ ನೀರು ಹೊಯ್ದುಕೊಂಡ ನಮ್ಮವರ ತಲೆಯ ಹಿಂಭಾಗವನ್ನು ನೋಡುತ್ತ ಕೂತೆ. ಇಷ್ಟು ತಿಂಗಳು ಉಂಡೆವಲ್ಲ, ಒಬ್ಬರಾದರೂ, ಅಮ್ಮ ನಿನಗೆ ಇದು ಉಪ್ಪಾಯ್ತು ಅಂತ ಅನಿಸುವುದಿಲ್ಲವಾ ಅಂತ ಕೇಳಿದ್ದರೆ! ಕೋಟೇಶ್ವರದಲ್ಲಿ ಹೆದ್ದಾರಿ ಸಿಕ್ಕಿತು. ರಶ್ಮಿ ಕಿಟಕಿಯ ಕಡೆ ಮುಖ ಮಾಡಿ, ಯಾರಿಗೋ ಹೇಳುವ ಹಾಗೆ, "ಇನ್ ಅಜ್ಜಿ ಕೈಯಂಗೆ ಶಿಶುನ್ ಕೊಡುದಿಲ್ಲ ನಾನ್" ಅಂದಳು. ಅಮ್ಮನ ಕಿವಿ ಮಾತ್ರ ಇನ್ನೂ ಚುರುಕು.

ಕುಂದಾಪುರದ ಡಾಕ್ಟ್ರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೂಸಿನ ಬಟ್ಟೆ ಬಿಚ್ಚಿ, ಎದೆಗೆ ಸ್ಟೆತಸ್ಕೋಪು ಇಟ್ಟು, ಕಣ್ಣು ಬಿಡಿಸಿ, ಹೊಟ್ಟೆ ಮುಟ್ಟಿ ನೋಡಿದರು. "ಈಗ ನೋಡಿದ್ರೆ ಮಗು ಸರಿ ಉಂಟು. ಬಣ್ಣ ಯಾವುದು ಅಂತ ಗೊತ್ತಾಗ್ಬೇಕು. ಮಣ್ಣಿನದ್ದಾದ್ರೆ ಇಲ್ಲೇ ಸಂಜೆವರೆಗೆ ನೋಡುವ. ಇನ್ನೊಂದಾದ್ರೆ ಮಣಿಪಾಲಕ್ಕೆ ಕಳಿಸ್ತೇನೆ, ರಕ್ತ ತೆಗೀಬೇಕಾಗ್ತದೆ" ಅಂದರು. ಮೂರು ತಿಂಗಳ ಕೂಸಿನ ಕೈಯಲ್ಲಿ ರಕ್ತನಾಳ ಹುಡುಕುವ ಸೂಜಿ ನನ್ನ ಕಣ್ಣಮುಂದೆ ಬಂತು. ರಶ್ಮಿ ನನ್ನನ್ನೇ ನೋಡುತ್ತಿದ್ದಳು.

ಮೇಜಿನ ಮೇಲೆ ಬಾಯಿ ಒರೆಸಿದ ಬಟ್ಟೆ ಬಿದ್ದಿತ್ತು. ಹಳೆಯ ಪಂಚೆಯ ಹರಿದ ತುಂಡು. ಅದರ ಮೂಲೆಯ ಹಳದಿ ಕಲೆ ಈಗ ಒಣಗಿತ್ತು. ಗಾರೆಯ ಚೂರು ಹಿಡಿದುಕೊಂಡು ಬರುವ ಜನ ನೆನಪಾದರು.

"ಒಂದ್ ಚೂರ್ ನೀರ್ ಕೊಡಿ" ಅಂದೆ.

ನರ್ಸು ಲೋಟದಲ್ಲಿ ನೀರು ತಂದರು. ತಟ್ಟೆಯ ಒಂದು ಹಳದಿಯ ಮೇಲೆ ಒದ್ದೆ ಬೆರಳು ಆಡಿಸಿ ಬಟ್ಟೆಯ ಮೇಲೆ, ಕಲೆಯ ಎಡಕ್ಕೆ, ಒಂದು ಗೀಟೆಳೆದೆ. ಬೆರಳು ತೊಳೆದು ಇನ್ನೊಂದನ್ನು ಬಲಕ್ಕೆ ಎಳೆದೆ. ಎರಡೂ ಗೀಟು ಸೊಟ್ಟ. ಹಸಿಯಾಗಿರುವಾಗ ಎರಡೂ ಒಂದೇ ಥರ ಕಂಡವು. ಒಣಗದೆ ಬಣ್ಣದ ನಿಜ ಗೊತ್ತಾಗುವುದಿಲ್ಲ, ಇದನ್ನು ನಾನೇ ಎಷ್ಟು ಜನರಿಗೆ ಅಂಗಡಿಯಲ್ಲಿ ಹೇಳಿದ್ದೇನೆ, ನಾಳೆ ಬಂದು ನೋಡಿ ಅಂತ. ಇಲ್ಲಿ ನಾಳೆ ಇರಲಿಲ್ಲ. ಬಟ್ಟೆಯನ್ನು ಫ್ಯಾನಿನ ಕೆಳಗೆ ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ನಿಂತೆ. ನಾನು ಇದುವರೆಗೆ ಬರೆದ ಚಿತ್ರಗಳಲ್ಲಿ ಜನ ಉಸಿರು ಬಿಗಿಹಿಡಿದು ನೋಡಿದ್ದು ಅದೊಂದನ್ನೇ.

ಮೆಲ್ಲಗೆ ಒಣಗಿತು. ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದೆ. ಬಲದ್ದು ಒಣಗಿದಷ್ಟೂ ಕಣ್ಣು ಕುಕ್ಕುವ ಹಳದಿ. ಎಡದ್ದು ಕಳೆಗುಂದಿ, ಅಲ್ಲಲ್ಲಿ ಸಣ್ಣ ಸಣ್ಣ ಮರಳಿನ ಹಾಗೆ ಕೂತಿತ್ತು. ಬಾವಿಯ ಕೆಸರಿನ ಉಂಡೆಯ ಬಣ್ಣ. ನಡುವೆ ಕೂಸಿನ ಬಾಯಿ ಒರೆಸಿದ ಕಲೆ. ಅದರ ಒಂದು ಅಂಚಿನಲ್ಲಿ ಕಂದು ಬೆರೆತಿತ್ತು, ಆದರೆ ಇನ್ನೊಂದು ಅಂಚು ಸ್ವಚ್ಛವಾಗಿತ್ತು. ನೋಡಿದೆ. ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದೆ. ಬೇಕಾದದ್ದನ್ನೇ ಕಣ್ಣು ಕಾಣುತ್ತಿದೆಯೋ ಅಂತ ಹೆದರಿ ನಮ್ಮವರ ಕೈಗೆ ಕೊಟ್ಟೆ, ಹಸಿರೆಲ್ಲ ಒಂದೇ ಹಸಿರು ಅನ್ನುವ ಮನುಷ್ಯನ ಕೈಗೆ.

ಅವರು ಕನ್ನಡಕ ಹಣೆಗೇರಿಸಿ ನೋಡಿ, "ಎಡದ್ದೇ ಅಲ್ದನಾ?" ಅಂದರು.

"ಮಣ್ಣ್" ಅಂದೆ. "ಮಣ್ಣ್ ಡಾಕ್ಟ್ರೆ, ಮಣ್ಣೇ." ಅಷ್ಟು ಹೇಳಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು ಅತ್ತೆ. ನಾಚಿಕೆ ಎಂತ ಬಂತು ಅದರಲ್ಲಿ.

ಡಾಕ್ಟ್ರಮ್ಮ ತಾವೂ ಬಟ್ಟೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು, ಚೀಟಿ ಓದಿದರು, ಯಾರಿಗೋ ಫೋನು ಮಾಡಿ ಮಾತಾಡಿದರು. ಸಂಜೆವರೆಗೆ ಅಲ್ಲೇ ಇರಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಕೂಸು ಹಾಲು ಕುಡಿಯಿತು. ಆಮೇಲೆ ಬಟ್ಟೆ ಒದ್ದೆ ಮಾಡಿತು, ಆಮೇಲೆ ಗಟ್ಟಿಯಾಗಿ ಅತ್ತಿತು. ಅದರ ಒಂದೊಂದು ಕೆಲಸಕ್ಕೂ ನಾವು ಬಹುಮಾನ ಬಂದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿದೆವು. ಬಿಡುವಾಗ ಡಾಕ್ಟ್ರಮ್ಮ, "ಇನ್ನು ತೇದದ್ದು ಎಂತದೂ ಬೇಡ. ಬಣ್ಣ ಅಂತಲ್ಲ, ಜಾಯಿಕಾಯಿಯೂ ಬೇಡ" ಅಂದರು. ಈ ಸಲ ತಲೆ ಅಲ್ಲಾಡಿಸಿದ್ದು ಸುಳ್ಳಲ್ಲ. ಅಮ್ಮ ಹೊರಗೆ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದಳು. ತಂದುಕೊಟ್ಟ ಇಡ್ಲಿಯ ಪೊಟ್ಟಣ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ನಾನು ಏಳುವಾಗ ಅಮ್ಮನ ಚೀಲ ಜಗಲಿಯಲ್ಲಿತ್ತು. ಎರಡು ಸೀರೆ ಅದರೊಳಗೆ. ಕರಡಿಗೆಯೂ ಇತ್ತು. ಕಲ್ಲು ಮಾತ್ರ ತೊಳೆದು ನನ್ನ ಬಣ್ಣದ ತಟ್ಟೆಯ ಪಕ್ಕ ಇಟ್ಟಿದ್ದಳು.

"ಎಂತ ಅಮ್ಮ ಇದ್?"

"ಒಂಬತ್ತರ ಬಸ್ಸಿಗ್ ಹೋತೆ. ಕಲ್ಲ್ ನಿನ್ ಬಣ್ಣಕ್ಕಾತ್ತ್, ಇಟ್ಕೊ. ನಂಗಿನ್ ಎಂತಕೆ?"

ಅವಳ ಅಜ್ಜಿಯಿಂದ ಅವಳಿಗೆ ಬಂದ ಕಲ್ಲು. ತೇದು ತೇದು ಮಧ್ಯದಲ್ಲಿ ಗುಳಿ ಬಿದ್ದಿದೆ. ಒಳಗೆ ಹೋಗಿ ರಶ್ಮಿಗೆ ಹೇಳಿದೆ. ಅವಳು ಕೂಸಿನ ಬಟ್ಟೆ ಮಡಚುತ್ತ, ತಲೆ ಎತ್ತದೆ, "ನೀರ್ ಕಾದಿತ್ತಾ?" ಅಂತ ಮಾತ್ರ ಕೇಳಿದಳು.

ಬಚ್ಚಲಿನ ಹಂಡೆಯಲ್ಲಿ ನೀರು ಕಾದು ಹೊಗೆಯಾಡುತ್ತಿತ್ತು. ಕೂಸಿಗೆ ನೀರು ಹೊಯ್ಯುವುದು ಬಂದ ದಿನದಿಂದ ಅಮ್ಮನ ಕೆಲಸ. ಬೇರೆಯವರು ಬಚ್ಚಲೊಳಗೆ ಕಾಲಿಡುವ ಹಾಗಿರಲಿಲ್ಲ, ನೀರಿನ ಹದ ನೋಡುವ ಹಾಗಂತೂ ಇಲ್ಲವೇ ಇಲ್ಲ. ಇವತ್ತು ನಾನು ಮಣೆ ಹಾಕಿ ಕಾಲು ನೀಡಿ ಕೂತೆ. ನಿಜ ಹೇಳುತ್ತೇನೆ, ನಾನು ಈ ಜನ್ಮದಲ್ಲಿ ಒಂದು ಕೂಸಿಗೆ ನೀರು ಹೊಯ್ದವಳಲ್ಲ. ರಶ್ಮಿಗೂ ಅಮ್ಮನೇ ಹೊಯ್ದದ್ದು. ಮೊಣಕಾಲು ಕಟಕಟ ಅಂದಿತು. ರಶ್ಮಿ ಎಣ್ಣೆ ಹಚ್ಚಿದ ಕೂಸನ್ನು ನನ್ನ ಕಾಲಿನ ಮೇಲೆ ಮಲಗಿಸಿದಳು. ಅದು ಒಮ್ಮೆ ಕಾಲು ಝಾಡಿಸಿತು, ಜಾರಿತು, ನಾನು ಒಂದು ತೋಳು ಹಿಡಿದೆ, ತೋಳೂ ಜಾರಿತು. ರಶ್ಮಿ ಅಯ್ಯೋ ಅಂತ ಬಗ್ಗಿದಳು.

"ಕುತ್ಗಿ! ಕುತ್ಗಿ ಅಡಿಗ್ ಕೈ ಕೊಡ್!"

ಅಮ್ಮ ಬಚ್ಚಲಿನ ಬಾಗಿಲಿನ ಹೊರಗೆ ನಿಂತಿದ್ದಳು. ಯಾವಾಗ ಬಂದು ನಿಂತಳೋ. ಹೊಸಿಲು ದಾಟಿರಲಿಲ್ಲ. ಊರಿಗೆ ಹೊರಡಲು ಉ‌ಟ್ಟ ಒಳ್ಳೆ ಸೀರೆ, ಬಾಗಿಲಿನ ದಾರಂದ ಹಿಡಿದ ಕೈ. ನಾನು ಕುತ್ತಿಗೆ ಅಡಿಗೆ ಕೈ ಕೊಟ್ಟೆ. ಕೂಸು ಅಳುತ್ತಿತ್ತು. ರಶ್ಮಿ ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಬಗ್ಗಿ ಕೂಸನ್ನು ನನ್ನ ಕಾಲಿನಿಂದ ಎತ್ತಿಕೊಂಡಳು.

"ಅಮ್ಮ, ನೀನ್ ಏಳ್. ಅಜ್ಜಿ ಕೂಕಣ್ಲಿ."

"ಬ್ಯಾಡ ಹೆಣೆ" ಅಂದಳು ಅಮ್ಮ. "ನಂಗ್ ನನ್ ಕೈ ಮೇಲೆ ನಂಬ್ಕಿ ಇಲ್ಲೆ ಈಗ."

ರಶ್ಮಿ ಕ್ಷಮೆ ಕೇಳುವ ಜಾತಿಯಲ್ಲ, ನನ್ನ ಮಗಳೇ ತಾನೆ. ಕೂಸನ್ನು ಎದೆಗೆ ಒತ್ತಿಕೊಂಡು ನಿಂತಳು. ಮೂಗು ಕೆಂಪಾಗಿತ್ತು.

"ನೀರ್ ತಣೀತಿತ್ತ್ ಅಜ್ಜಿ" ಅಂದಳು.

ಅಮ್ಮ ಒಳ್ಳೆ ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಹೊಸಿಲು ದಾಟಿ, ಮಣೆಯ ಮೇಲೆ ಕೂತು ಕಾಲು ನೀಡಿದಳು. ರಶ್ಮಿ ಕೂಸನ್ನು ಆ ಕಾಲಿನ ಮೇಲೆ ಮಲಗಿಸಿದಳು. ಅಮ್ಮನ ಎಡಗೈ ಕುತ್ತಿಗೆಯ ಅಡಿಗೆ ತಾನಾಗಿ ಹೋಯಿತು, ಕೂಸು ಒಂದೇ ಸಲಕ್ಕೆ ಸುಮ್ಮನಾಯಿತು. ಬಲಗೈಯನ್ನು ನೀರಿನ ಬೋಗುಣಿಯಲ್ಲಿ ಅದ್ದಿದಳು. ತೆಗೆದಳು. ಮತ್ತೆ ಅದ್ದಿದಳು.

"ಹೆಣೆ, ನೀನೂ ಒಂದ್ ಸಲ ಕೈ ಹಾಕಿ ಕಾಣ್. ಬಿಸಿ ಹೆಚ್ಚಿತ್ತಾ?"

ರಶ್ಮಿ ಅಜ್ಜಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಕೈ ಹಾಕಿದಳು. ಬೋಗುಣಿಯೊಳಗೆ ಎರಡು ಕೈ.

"ಸಮ ಇತ್ತ್ ಅಜ್ಜಿ."

ಅಷ್ಟರಲ್ಲಿ ಪೇಟೆಯ ಕಡೆಯಿಂದ ಅಮಾಸೆಬೈಲಿನ ಬಸ್ಸು ಹಾರ್ನು ಹೊಡೆದದ್ದು ಕೇಳಿಸಿತು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ತಂಬಿಗೆ ಎತ್ತಿದಳು.